ಮಗಳ ಸೀಟು, ನನ್ನ ಲೆಕ್ಕ

ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬದುಕುವವಳು ನಾನು. ಹಗಲು ಕಾಲೇಜು, ಸಂಜೆ ಮನೆಯ ಮಹಡಿಯ ಕೋಣೆಯಲ್ಲಿ ಸಿಇಟಿ ಟ್ಯೂಷನ್. ಹೆಸರಘಟ್ಟದಲ್ಲಿ ಸೈಟು ಕೊಂಡು ಮನೆ ಕಟ್ಟಿದೆವಲ್ಲ, ಅದರ ಸಾಲದ ಕಂತನ್ನು ನನ್ನ ಸಂಬಳಕ್ಕಿಂತ ಹೆಚ್ಚಾಗಿ ಕಟ್ಟಿದ್ದು ಆ ಮಹಡಿಯ ಕೋಣೆಯೇ. ಸೀಟು ಹಂಚುವ ಪದ್ಧತಿಯ ಬಗ್ಗೆ ನಾನು ಏನು ಬರೆದರೂ ಅದರಲ್ಲಿ ನನ್ನ ಹೊಟ್ಟೆಪಾಡಿನ ಪಾಲಿದೆ ಅನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಈ ಕಡೆ ತಿರುಗಿದರೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿ ನಮ್ಮೂರು ಸೇರುವಷ್ಟರಲ್ಲಿ ಇಂಜಿನಿಯರಿಂಗು, ನರ್ಸಿಂಗು, ಫಾರ್ಮಸಿ ಅಂತ ಕಾಲೇಜಿನ ಬೋರ್ಡುಗಳು ಒಂದರ ಹಿಂದೊಂದು ಬರುತ್ತವೆ. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕತ್ತಿನಲ್ಲಿ ಐಡಿ ಕಾರ್ಡು ತೂಗುಹಾಕಿಕೊಂಡ ಮಕ್ಕಳೇ ತುಂಬಿರುತ್ತಾರೆ. ಇವರಲ್ಲಿ ಯಾರು ಯಾವ ದಾರಿಯಲ್ಲಿ ಒಳಗೆ ಬಂದರು, ರ‍್ಯಾಂಕಿನಿಂದಲೋ ಮ್ಯಾನೇಜ್‌ಮೆಂಟ್ ಕೋಟಾದಿಂದಲೋ ಅಂತ ಮುಖ ನೋಡಿಯೇ ಊಹಿಸುವ ಕೆಟ್ಟ ಚಟ ನನಗೆ ಬಹಳ ಕಾಲ ಇತ್ತು. ಈಗಲೂ ಪೂರ್ತಿ ಹೋಗಿದೆ ಅನ್ನಲಾರೆ.

ಸಿಇಟಿಯ ಬಗ್ಗೆ ನನಗಿರುವುದು ಹೆಚ್ಚೂಕಡಿಮೆ ಭಕ್ತಿ. 1994ರಲ್ಲಿ ಅದು ಶುರುವಾದಾಗ ನಾನಿನ್ನೂ ಹೈಸ್ಕೂಲು. ಡೊನೇಶನ್ ಅನ್ನುವ ಪದವನ್ನು ದೊಡ್ಡವರು ತಗ್ಗಿದ ದನಿಯಲ್ಲಿ ಆಡುತ್ತಿದ್ದ ಕಾಲ. ಗುಮಾಸ್ತರಾಗಿದ್ದ ನಮ್ಮಪ್ಪ ಯಾರ ಮನೆ ಬಾಗಿಲಿಗೂ ಹೋಗದೆ, ಯಾವ ಶಾಸಕರ ಚೀಟಿಯೂ ಇಲ್ಲದೆ, ನನ್ನ ತಮ್ಮನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆ ತಮ್ಮ ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಇಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಕೂಡಿಸಿ ರ‍್ಯಾಂಕು. ಓಎಂಆರ್ ಹಾಳೆಯ ವೃತ್ತ ತುಂಬಿದ ಕೈ ಯಾರದ್ದು ಅಂತ ಯಂತ್ರಕ್ಕೆ ಗೊತ್ತಿಲ್ಲ. ಗಣಿತದವಳಾದ ನನಗೆ ಇದಕ್ಕಿಂತ ಚೆಂದದ ನ್ಯಾಯ ಕಾಣುತ್ತಿರಲಿಲ್ಲ. ಆ ಹಾಳೆಯ ಹಿಂದೆ ನನ್ನಂಥವರ ಮಹಡಿಯ ಕೋಣೆಗಳಿವೆ, ಅದಕ್ಕೆ ಫೀಸು ಕಟ್ಟಬಲ್ಲ ಮನೆಗಳಿವೆ ಅನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಫೀಸು ತೆಗೆದುಕೊಳ್ಳುತ್ತಿದ್ದವಳೇ ನಾನು. ಆದರೆ ಅದನ್ನು ಸಿಇಟಿಯ ಜತೆ ಸೇರಿಸಿ ಯೋಚಿಸಿರಲಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಕಬಡ್ಡಿ ಹುಡುಗನಿದ್ದ. ದೊಡ್ಡಬಳ್ಳಾಪುರದ ಕಡೆಯವನು. ಕೊನೆಯ ಬೆಂಚು, ಮೊಣಕಾಲಿಗೆ ಸದಾ ಒಂದು ಕ್ರೇಪ್ ಬ್ಯಾಂಡೇಜು. ಇಂಟಿಗ್ರೇಶನ್ ಅವನಿಗೆ ಹತ್ತಲಿಲ್ಲ, ನಾನೂ ಹತ್ತಿಸಲಿಲ್ಲ. ಫಲಿತಾಂಶ ಬಂದು, ಸೀಟು ಹಂಚಿಕೆ ಮುಗಿದಾಗ ನೋಡಿದರೆ, ನನ್ನ ಟ್ಯೂಷನ್ನಿನ ಅತಿ ಜಾಣ ಹುಡುಗಿಗೆ ಸಿಗದ ಕಾಲೇಜು ಅವನಿಗೆ ಕ್ರೀಡಾ ಕೋಟಾದಲ್ಲಿ ಸಿಕ್ಕಿತ್ತು. ಸ್ಟಾಫ್ ರೂಮಿನಲ್ಲಿ ನಾನು ಅಂದದ್ದು ನೆನಪಿದೆ: "ನಮ್ಮ ಮಕ್ಕಳು ಎರಡು ವರ್ಷ ನಿದ್ದೆಗೆಟ್ಟು ಓದಿದ್ದು ದಂಡ. ತೊಡೆ ತಟ್ಟೋದು ಕಲಿಸಿದ್ದರೆ ಸಾಕಿತ್ತು." ಎಲ್ಲರೂ ನಕ್ಕರು. ಪಿಟಿ ಮೇಷ್ಟ್ರು ನಗಲಿಲ್ಲ. ಟಿಫನ್ ಬಾಕ್ಸಿನ ಮುಚ್ಚಳ ಹಾಕುತ್ತಾ, "ಮೇಡಂ, ನಿಮ್ಮ ಹುಡುಗಿ ಒಂದು ಪ್ರಶ್ನೆ ತಪ್ಪು ಮಾಡಿದರೆ ಮುಂದಿನದ್ದಕ್ಕೆ ಹೋಗ್ತಾಳೆ. ಇವನ ಮೊಣಕಾಲು ಹೋದರೆ ಅಲ್ಲಿಗೆ ಮುಗೀತು" ಅಂದರು. ನಾನು ಉತ್ತರ ಕೊಡಲಿಲ್ಲ. ಉತ್ತರ ಇತ್ತು, ಆದರೆ ಅದು ಸೊಕ್ಕಿನ ಉತ್ತರ.

ಆ ಮಾತಿಗೆ ಕ್ಷಮೆ ಕೇಳಲೆಂದು ಇದನ್ನು ಬರೆಯುತ್ತಿಲ್ಲ. ಅಷ್ಟು ಸಿಟ್ಟು ನನಗೆ ಯಾಕೆ ಬಂತು ಅಂತ ನೋಡಬೇಕಾಗಿದೆ. ಅನ್ಯಾಯ ಕಂಡು ಬಂದ ಸಿಟ್ಟು ಅಂತ ನಾನೇ ನನಗೆ ಹೇಳಿಕೊಂಡಿದ್ದೆ. ಹಾಗಿದ್ದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿದ ಮನೆಗಳ ಬಗ್ಗೆಯೂ ಬರಬೇಕಿತ್ತು. ಬರಲಿಲ್ಲ, ಆ ಮನೆಗಳವರೇ ನನಗೆ ಫೀಸು ಕೊಡುತ್ತಿದ್ದರು. 2024ರ ಕೊನೆಯಲ್ಲಿ ಇಂಜಿನಿಯರಿಂಗ್ ಸೀಟು ಬ್ಲಾಕಿಂಗ್ ಹಗರಣ ಬಯಲಾಗಿ ಮಲ್ಲೇಶ್ವರದ ಪೊಲೀಸರು ಜನರನ್ನು ಹಿಡಿದಾಗಲೂ ನಾನು ಪತ್ರಿಕೆ ಮಡಚಿಟ್ಟು ಅಡುಗೆಗೆ ಹೋದೆ. ಕಬಡ್ಡಿ ಹುಡುಗನ ಸೀಟು ನನ್ನನ್ನು ಕುಟುಕಿದ್ದು ಬೇರೆ ಕಾರಣಕ್ಕೆ. ಅವನು ಒಳಗೆ ಹೋದ ದಾರಿಯಲ್ಲಿ ನನಗೆ ಕೆಲಸವೇ ಇರಲಿಲ್ಲ. ನಾನು ಮಾರುವ ಸರಕು ಅಲ್ಲಿ ಬೇಕಾಗಿರಲಿಲ್ಲ.

ಮುಂದಿನದ್ದು ಹೇಳುವ ಮೊದಲು ಆ ದಾರಿ ಹೇಗಿದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸಿಇಟಿ ಅರ್ಜಿಯಲ್ಲಿ ವಿಶೇಷ ಪ್ರವರ್ಗ ಅಂತ ಒಂದು ಭಾಗ. ಎನ್‌ಸಿಸಿ, ಸೈನಿಕರ ಮಕ್ಕಳು, ಸ್ಕೌಟ್ಸ್ ಮತ್ತು ಗೈಡ್ಸ್, ಅಂಗವಿಕಲರು, ಇವರ ಜತೆಯಲ್ಲಿ ಕ್ರೀಡೆ. ಹಾಗೆ ಟಿಕ್ ಮಾಡಿದವರು ಮೂಲ ದಾಖಲೆ ಹಿಡಿದು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿರುವ ಪರೀಕ್ಷಾ ಪ್ರಾಧಿಕಾರದ ಕಚೇರಿಗೆ ಬರಬೇಕು. ಕ್ರೀಡಾ ಇಲಾಖೆಯವರು ಪ್ರಮಾಣಪತ್ರ ನೋಡುತ್ತಾರೆ: ಯಾವ ಆಟ, ಯಾವ ಮಟ್ಟ, ಯಾವ ವರ್ಷ, ಯಾವ ಸಂಸ್ಥೆಯ ಮೊಹರು. ದೇಶಕ್ಕೆ ಆಡಿದವರು ಮೇಲೆ, ರಾಜ್ಯದ ಪರ ರಾಷ್ಟ್ರಮಟ್ಟದಲ್ಲಿ ಆಡಿದವರು ಆಮೇಲೆ, ಹೀಗೆ ಪಟ್ಟಿ ಇಳಿಯುತ್ತದೆ. ಈ ಇಡೀ ಕ್ರಮದಲ್ಲಿ ಎಲ್ಲೂ ಯಾರೂ ಮಗುವನ್ನು ಓಡಿಸಿ ನೋಡುವುದಿಲ್ಲ.

ಓಡಿಸಿ ನೋಡುವುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ನಮ್ಮೂರ ಕೆರೆಯ ಅಂಗಳಕ್ಕೆ ಬೆಳಗಿನ ಜಾವ ಬಂದರೆ ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ತಯಾರಾಗುವ ಹುಡುಗರು ಕಾಣುತ್ತಾರೆ. ಅವರು ಆರೂವರೆ ನಿಮಿಷದಲ್ಲಿ 1600 ಮೀಟರ್ ಓಡಬೇಕು. ಅಲ್ಲಿ ನಡೆಯುವುದು ಗಡಿಯಾರದ ಮಾತೇ, ಸರ್ಟಿಫಿಕೇಟಿನದ್ದಲ್ಲ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಲ್ಲಿ ಹೋಗುವವರನ್ನು ಬೆಂಗಳೂರಿನ ಜಿಕೆವಿಕೆಯಂಥ ಕಡೆ ಕರೆಸಿ, ಬೀಜ, ಬೆಳೆ, ಉಪಕರಣ ಎದುರಿಗಿಟ್ಟು ಇದೇನು, ಅದೇನು ಅಂತ ಕೇಳುತ್ತಾರೆ. ನವಣೆಗೂ ಸಾಮೆಗೂ ವ್ಯತ್ಯಾಸ ಗೊತ್ತಿಲ್ಲದವನು ರೈತನ ಮಗನಾದರೂ ಅಲ್ಲಿ ತಡವರಿಸುತ್ತಾನೆ. ಕ್ರೀಡಾ ಇಲಾಖೆಯ ವಸತಿ ಶಾಲೆಗಳಿಗೆ ಐದನೇ ತರಗತಿಗೆ ಮಕ್ಕಳನ್ನು ಆರಿಸುವಾಗ ಎತ್ತರ, ತೂಕ ಅಳೆಯುತ್ತಾರೆ, 30 ಮೀಟರ್ ಓಡಿಸುತ್ತಾರೆ, ನೆಗೆಸುತ್ತಾರೆ. ಹತ್ತು ವರ್ಷದ ಮಗುವನ್ನು ಓಡಿಸಿ ನೋಡುವ ರಾಜ್ಯ ಹದಿನೆಂಟರ ಹುಡುಗಿಯ ಕಾಗದ ಮಾತ್ರ ನೋಡುತ್ತದೆ. ಇದು ನನಗೆ ತಿಳಿದದ್ದು ತೀರ ತಡವಾಗಿಯೇನಲ್ಲ. ಸರಿಯಾದ ಸಮಯಕ್ಕೇ ತಿಳಿಯಿತು, ಅದೇ ತೊಂದರೆ.

ನನ್ನ ಮಗಳು ಓಡುತ್ತಿದ್ದಳು. 800 ಮೀಟರ್. ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಊರೇ ಕಲಿಸಿದ್ದು. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಅರ್ಕಾವತಿಗೆ ಕಟ್ಟೆ ಕಟ್ಟಿ ಮಾಡಿದ ಕೆರೆ ನಮ್ಮದು. ಅವಳ ಬಾಲ್ಯದ ಎಷ್ಟೋ ವರ್ಷ ಅದರ ಅಂಗಳ ಒಣಗಿ ಬಿದ್ದಿತ್ತು. ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಇವಳು ಆ ಬಯಲಿನ ಅಂಚು ಹಿಡಿದು ಸುತ್ತುತ್ತಿದ್ದಳು. ಆಚೆಗೆ ಹುಲ್ಲುಗಾವಲು. ಸಿನಿಮಾದವರು ಕ್ಯಾಮೆರಾ ತಂದ ದಿನ ಅತ್ತ ಬಿಡುತ್ತಿರಲಿಲ್ಲ, ಉಳಿದಂತೆ ಅಡ್ಡಿಯಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಒಬ್ಬರು ಕೋಚ್ ಸಿಕ್ಕರು. ಜಿಲ್ಲೆಯಲ್ಲಿ ಮೊದಲು ಬಂದಳು. ಕಂಠೀರವದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ರಾಜ್ಯಮಟ್ಟದ ಕೂಟ. ಕೊನೆಯ ತಿರುವಿನಲ್ಲಿ ಮೂರನೆಯವಳಾಗಿದ್ದಳು, ಗೆರೆ ಮುಟ್ಟುವಾಗ ನಾಲ್ಕನೆಯವಳು. ಬಂದು ನನ್ನ ಪಕ್ಕದಲ್ಲಿ ಕೂತು ಸ್ಪೈಕ್ಸ್ ಬಿಚ್ಚುತ್ತಾ, "ಅಮ್ಮ, ಆ ಬಿಜಾಪುರದ ಹುಡುಗಿ ಉಸಿರೇ ತಗೊಳ್ಳಲಿಲ್ಲ ನೋಡಿದೆಯಾ?" ಅಂದಳು. ಸೋತ ಬೇಸರಕ್ಕಿಂತ ಸೋಲಿಸಿದವಳ ಮೇಲಿನ ಬೆರಗು ಹೆಚ್ಚಿತ್ತು ಅವಳ ದನಿಯಲ್ಲಿ. ನಾನು ಆಗ ಬೇರೇನನ್ನೋ ಎಣಿಸುತ್ತಿದ್ದೆ. ನಾಲ್ಕನೇ ಸ್ಥಾನಕ್ಕೆ ರಾಷ್ಟ್ರಮಟ್ಟದ ಕಾಗದ ಸಿಗುವುದಿಲ್ಲ ಅಂತ.

ಲೆಕ್ಕ ಸುಲಭವಾಗಿತ್ತು. ಓಟದಲ್ಲಿ ಪ್ರತಿ ತಾಲ್ಲೂಕಿನಿಂದಲೂ ಮಕ್ಕಳು ಬರುತ್ತಾರೆ. ಶೂ ಇಲ್ಲದವರೂ ಬಂದು ಗೆಲ್ಲುತ್ತಾರೆ. ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಹುಡುಗಿಯರು ಮಾತ್ರ ಆಡುವ ಆಟಗಳೂ ಇವೆ. ಅಲ್ಲಿ ರಾಜ್ಯ ತಂಡಕ್ಕೆ ಬೇಕಾದವರಿಗಿಂತ ಬಂದವರೇ ಕಡಿಮೆ. ತಂಡ ರಾಷ್ಟ್ರೀಯ ಕೂಟಕ್ಕೆ ಹೋಗುತ್ತದೆ, ಮೊದಲ ಸುತ್ತಿನಲ್ಲೇ ಸೋತರೂ ಆಡಿದ ಕಾಗದ ಕೈಗೆ ಬರುತ್ತದೆ. ನಾನು ಆರಿಸಿದ ಆಟದ ಹೆಸರು ಬೇಡ. ಅದನ್ನು ಪ್ರೀತಿಯಿಂದ ಆಡುವವರು, ಅದಕ್ಕಾಗಿ ಮನೆಮಠ ಬಿಟ್ಟವರು ಇದ್ದಾರೆ. ನನ್ನ ಲೆಕ್ಕದ ಮಸಿ ಅವರಿಗೆ ಬಳಿಯುವುದು ತರವಲ್ಲ. ಕೋಚಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮೇಡಂ. ಎಲ್ಲರೂ ಅದನ್ನೇ ಮಾಡ್ತಾರೆ" ಅಂದರು. ಎಲ್ಲರೂ ಮಾಡುತ್ತಾರೆ ಅನ್ನುವುದನ್ನು ನಾನು ಒಪ್ಪಿಗೆ ಅಂತ ತೆಗೆದುಕೊಂಡೆ.

ಮಗಳು ಹಟ ಮಾಡಲಿಲ್ಲ. ಅದೂ ಒಂದು ವಿಚಿತ್ರ. ಓಟ ಬಿಡಬೇಕಿಲ್ಲ, ಇದನ್ನೂ ಆಡು ಅಂದಿದ್ದೆ, ಆಡಿದಳು. ಅವಳ ಕಾಲಿನ ವೇಗ ಅಲ್ಲೂ ಕೆಲಸಕ್ಕೆ ಬಂತು. ತಂಡದ ಜತೆ ರೈಲಿನಲ್ಲಿ ಉತ್ತರದ ಒಂದು ಊರಿಗೆ ಹೋಗಿ, ಎರಡು ಪಂದ್ಯ ಸೋತು, ಪೂರಿ ತಿಂದು ಹೊಟ್ಟೆ ಕೆಡಿಸಿಕೊಂಡು ಬಂದಳು. ಕೆಲವು ವಾರಗಳ ಮೇಲೆ ಪ್ರಮಾಣಪತ್ರ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಕೆಳಗೆ ಎರಡು ಸಹಿ, ಒಂದು ದುಂಡು ಮೊಹರು. ಅವಳ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಇದಕ್ಕೂ ತಾಳೆಯಾಗದಿದ್ದರೆ ಕೆಲಸ ಕೆಟ್ಟಿತೆಂದು, ಅದನ್ನು ತಿದ್ದಿಸಲು ನಾನು ಪಟ್ಟ ಪಾಡನ್ನು ಅವಳ ಯಾವ ಓಟಕ್ಕೂ ಪಟ್ಟಿರಲಿಲ್ಲ. ಆ ಅಕ್ಷರ ಸರಿಯಾದ ದಿನ ಮನೆಯಲ್ಲಿ ಪಾಯಸ ಮಾಡಿದೆ. ಜಿಲ್ಲೆಗೆ ಮೊದಲು ಬಂದ ದಿನ ಮಾಡಿರಲಿಲ್ಲ.

ಇದೇ ಕಾಲಕ್ಕೆ ನ್ಯೂಜೆರ್ಸಿಯ ತಮ್ಮನ ಮಗಳೂ ಕಾಲೇಜು ಹುಡುಕುತ್ತಿದ್ದಳು. ಅವಳು ಫೆನ್ಸಿಂಗ್ ಆಡುತ್ತಾಳೆ. ಭಾನುವಾರದ ಫೋನಿನಲ್ಲಿ ನಮ್ಮಿಬ್ಬರ ಮಾತು ಅದೇ. "ಅಕ್ಕ, ಇಲ್ಲಿ ಮಾರ್ಕ್ಸ್ ಕಾರ್ಡಿಗಿಂತ ಮುಂಚೆ ವಿಡಿಯೋ ಹೋಗುತ್ತೆ" ಅನ್ನುತ್ತಿದ್ದ. ಹೈಸ್ಕೂಲಿನ ಎರಡನೇ ವರ್ಷ ಮುಗಿದು ಜೂನ್ 15 ಬಂದರೆ ಹೆಚ್ಚಿನ ಆಟಗಳಲ್ಲಿ ಕಾಲೇಜಿನ ಕೋಚುಗಳೇ ಮಕ್ಕಳಿಗೆ ಫೋನು ಮಾಡಬಹುದಂತೆ. ಕೋಚಿಗೆ ಹಿಡಿಸಿದರೆ ಅವನೇ ಮಗುವಿನ ಅಂಕಗಳನ್ನು ಪ್ರವೇಶ ಕಚೇರಿಗೆ ಕೊಟ್ಟು, ಇವಳನ್ನು ತೆಗೆದುಕೊಳ್ಳಬಹುದೇ ಅಂತ ಮುಂಚಿತವಾಗಿ ಕೇಳುತ್ತಾನೆ. ಕ್ರೀಡೆಯ ಮೇಲಿನ ವಿಭಾಗಗಳಲ್ಲಿರುವ ಎಷ್ಟೋ ಕಾಲೇಜುಗಳಲ್ಲಿ ಆಟಕ್ಕೇ ವಿದ್ಯಾರ್ಥಿವೇತನ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗಿನಲ್ಲಿ ಆಟಕ್ಕೆ ದುಡ್ಡಿಲ್ಲ, ಆದರೆ ಕೋಚಿನ ಪಟ್ಟಿಯಲ್ಲಿ ಹೆಸರಿದ್ದರೆ ಬಾಗಿಲು ತೆರೆದಂತೆಯೇ. 2018ರಲ್ಲಿ, ಪ್ರವೇಶದಲ್ಲಿ ಜನಾಂಗ ನೋಡುವ ವಿಚಾರಕ್ಕೆ ಹಾರ್ವರ್ಡ್ ಮೇಲೆ ಬಾಸ್ಟನ್ನಿನಲ್ಲಿ ವಿಚಾರಣೆ ನಡೆದಾಗ ಲೆಕ್ಕ ಹೊರಬಿತ್ತು. ಕೋಚುಗಳು ಆರಿಸಿಕೊಂಡ ಆಟಗಾರರಲ್ಲಿ ನೂರಕ್ಕೆ 86 ಜನಕ್ಕೆ ಪ್ರವೇಶ ಸಿಕ್ಕಿತ್ತು, ಒಟ್ಟು ಅರ್ಜಿದಾರರಲ್ಲಿ ನೂರಕ್ಕೆ ಹತ್ತು ಜನಕ್ಕೂ ಇಲ್ಲ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿತು, ಆಟಗಾರರ ಈ ಬಾಗಿಲನ್ನು ಮುಟ್ಟಲಿಲ್ಲ.

ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಲೆಕೆಳಗಾದ ಸಂಗತಿಯೊಂದು ಕಾಣುತ್ತದೆ. ಅಮೆರಿಕದ ಸಾಮಾನ್ಯ ಅರ್ಜಿದಾರ ತನ್ನ ಬಗ್ಗೆ ಪ್ರಬಂಧ ಬರೆಯಬೇಕು, ಮೇಷ್ಟರ ಶಿಫಾರಸು ತರಬೇಕು, ಸೇವೆ, ಸಂಗೀತ ಎಲ್ಲ ಹೇಳಿಕೊಳ್ಳಬೇಕು. ಆಟಗಾರನನ್ನು ಮೊದಲು ಅಳೆಯುವುದು ಸೆಕೆಂಡು, ಮೀಟರು, ಗೆದ್ದ ಪಂದ್ಯ. ನಮ್ಮಲ್ಲಿ ಸಾಮಾನ್ಯ ಅರ್ಜಿದಾರನಿಗೆ ಒಂದೇ ಒಂದು ಸಂಖ್ಯೆ. ಆಟಗಾರನಿಗೆ ಕಾಗದಗಳ ಕಟ್ಟು. ಅಲ್ಲಿ ಕೋಚಿಗೆ ಮುಂದಿನ ನಾಲ್ಕು ವರ್ಷ ಆ ಹುಡುಗಿ ಬೇಕು. ಇಲ್ಲಿ ನನ್ನ ಮಗಳ ಸೀಟಿನ ವ್ಯವಹಾರದಲ್ಲಿ ಅವಳ ಆಟ ಬೇಕಾದವರು ಒಬ್ಬರೂ ಇರಲಿಲ್ಲ. ನನಗೂ ಬೇಕಿರಲಿಲ್ಲ. ದೆಹಲಿಯ ತೇಜಸ್ವಿನ್ ಶಂಕರ್ ಎತ್ತರ ಜಿಗಿತದ ಬಲದಿಂದ 2017ರಲ್ಲಿ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, 2018ರಲ್ಲೂ 2022ರಲ್ಲೂ ಅಮೆರಿಕದ ಕಾಲೇಜುಗಳ ಚಾಂಪಿಯನ್ ಆದ. ಅವನ ಜಿಗಿತ ಅಲ್ಲಿ ಯಾರಿಗೋ ಬೇಕಿತ್ತು.

ಹಾಗಂತ ಅಮೆರಿಕವನ್ನು ಹೊಗಳುತ್ತಿಲ್ಲ. ಫೆನ್ಸಿಂಗ್, ರೋಯಿಂಗ್, ಸ್ಕ್ವಾಷ್, ಇವೆಲ್ಲ ಅಲ್ಲಿಯೂ ದುಡ್ಡಿರುವ ಮನೆಯ ಆಟಗಳು. ತಮ್ಮನೇ ಒಮ್ಮೆ ಹೇಳಿದ, "ಬ್ಯಾಸ್ಕೆಟ್‌ಬಾಲ್‌ಗೆ ಹಾಕಿದ್ದರೆ ಇವಳಿಗೆ ಛಾನ್ಸೇ ಇರ್ತಿರಲಿಲ್ಲ ಅಕ್ಕ, ಅದಕ್ಕೇ ಇದು" ಅಂತ. ಹೆಸರಘಟ್ಟದಲ್ಲಿ ನಾನು ಹಾಕಿದ ಲೆಕ್ಕವನ್ನೇ ಅವನು ನ್ಯೂಜೆರ್ಸಿಯಲ್ಲಿ ಹಾಕಿದ್ದ. ಒಂದೇ ಮನೆಯ ಮಕ್ಕಳಲ್ಲವೇ. ಇನ್ನು 2019ರ ಮಾರ್ಚಿನಲ್ಲಿ ಅಲ್ಲಿ ಸಿಡಿದ ಹಗರಣವಂತೂ ಲೋಕಕ್ಕೇ ಗೊತ್ತು. ರಿಕ್ ಸಿಂಗರ್ ಅನ್ನುವವನು ಕೋಚುಗಳಿಗೆ ಲಂಚ ಕೊಟ್ಟು, ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿ ಯೇಲ್, ಸ್ಟ್ಯಾನ್‌ಫರ್ಡ್, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಲ್ಲಿ ದಾರಿ ಮಾಡುತ್ತಿದ್ದ. ವ್ಯಾಯಾಮದ ರೋಯಿಂಗ್ ಯಂತ್ರದ ಮೇಲೆ ಕೂರಿಸಿ ತೆಗೆದ ಫೋಟೋ, ಆಟಗಾರನೊಬ್ಬನ ಮೈಗೆ ಅಂಟಿಸಿದ ಇನ್ನೊಬ್ಬ ಹುಡುಗನ ಮುಖ. ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯಿತು. ಆ ಸುದ್ದಿ ಓದಿ ನಾನು ಥೂ ಅಂದಿದ್ದೆ. ನನ್ನ ಮಗಳ ಕಾಗದ ಸುಳ್ಳಲ್ಲ. ಅವಳು ನಿಜಕ್ಕೂ ಆಡಿದಳು, ಬೆವರಿದಳು. ಕಾನೂನಿನಲ್ಲಿ ನಮಗೂ ಅವರಿಗೂ ಇರುವ ಅಂತರ ದೊಡ್ಡದು. ಆ ಅಂತರವನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಅಳೆದು ಸಮಾಧಾನಪಟ್ಟುಕೊಂಡಿದ್ದೇನೆ ಅನ್ನುವುದೇ ನನಗೆ ಸಂಶಯ ತರಿಸುತ್ತದೆ.

ಕೋಚು ಬಂದು ಮಗುವನ್ನು ಕರೆದುಕೊಂಡು ಹೋಗುವ ಪದ್ಧತಿ ನಮ್ಮ ನಾಡಿನಲ್ಲೂ ಇದೆ, ಆದರೆ ಸರ್ಕಾರದ ದಾರಿಯ ಆಚೆ. ಮೂಡುಬಿದಿರೆಯಲ್ಲಿ ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ಉಚಿತವಾಗಿ ಕೊಡುತ್ತಾ ಬಂದಿದೆ. ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿ ಹೆಸರು ಮಾಡಿದ್ದರ ಹಿಂದೆ ಆ ಮಕ್ಕಳಿದ್ದಾರೆ. 2020ರ ಜನವರಿಯಲ್ಲಿ ಆ ಕೂಟ ನಡೆದದ್ದೂ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲೇ. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯವೂ ಹಾಗೆ ಆಟಗಾರರನ್ನು ಕೂಡಿಸಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಸಮಗ್ರ ಪ್ರಶಸ್ತಿ ಅದರದ್ದೇ. ಇವರಿಗೆ ಹೆಸರು ಬೇಕು, ಜಾಹೀರಾತು ಬೇಕು ಅಂತ ಮೂಗು ಮುರಿಯುವವರುಂಟು. ಬೇಕಿರಲಿ. ಆ ನೆಪದಲ್ಲಾದರೂ ಯಾರೋ ಮೈದಾನದ ಅಂಚಿನಲ್ಲಿ ನಿಂತು ಮಕ್ಕಳ ಓಟ ನೋಡುತ್ತಾರೆ.

ಕಂಠೀರವದ ಆ ಕೂಟದ ದಿನ ನಮ್ಮನ್ನೂ ಒಬ್ಬರು ಮಾತಾಡಿಸಿದ್ದರು. ಯಾವ ಕಾಲೇಜು ಅಂತ ಹೇಳುವುದಿಲ್ಲ. ಟೋಪಿ ಹಾಕಿಕೊಂಡ ನಡುವಯಸ್ಸಿನವರು. "ಅಮ್ಮಾ, ನಾಲ್ಕನೇದು ಬಂದಿದ್ದಾಳೆ, ಆದರೆ ಕಾಲು ಚೆನ್ನಾಗಿ ಬೀಳ್ತಾ ಇದೆ. ಕೊನೇ ನೂರು ಮೀಟರು ಕೈ ಬಿಗಿ ಹಿಡೀತಾಳೆ, ಅದು ತಿದ್ದಬಹುದು. ನಮ್ಮಲ್ಲಿಗೆ ಪಿಯುಸಿಗೆ ಕಳಿಸಿ. ಹಾಸ್ಟೆಲು, ಊಟ, ಫೀಸು ನಮ್ಮದು." ಅವಳ ಓಟವನ್ನು ಅಷ್ಟು ಸೂಕ್ಷ್ಮವಾಗಿ ನೋಡಿದವರು ಅವರೊಬ್ಬರೇ. ನಾನು ನಗುತ್ತಾ ಯೋಚಿಸಿ ಹೇಳುತ್ತೇವೆ ಅಂದೆ. ಯೋಚಿಸಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಗಂಡನಿಗೆ ಹೇಳಿದ್ದು, "ಹಾಸ್ಟೆಲ್ ಊಟಕ್ಕೆ ಮಗಳನ್ನ ಕಳಿಸೋ ಗತಿ ನಮಗೇನು ಬಂದಿದೆ?" ಅಂತ. ಆ ವಾಕ್ಯದಲ್ಲಿ ಏನೆಲ್ಲ ಇತ್ತು ಅಂತ ಈಗ ಬಿಡಿಸಿ ನೋಡುತ್ತೇನೆ. ಓಡಿ ಅನ್ನ ಸಂಪಾದಿಸುವವರು ಬೇರೆ ಜನ, ನಾವು ಬೇರೆ ಅನ್ನುವುದು ಇತ್ತು. ಓಟ ನಮಗೆ ಮೇಲಿನ ಅಲಂಕಾರ, ಸೀಟಿಗೆ ಬೇಕಾದಾಗ ಉಪಯೋಗಿಸುವುದು, ಬದುಕಾಗಿ ಅಲ್ಲ ಅನ್ನುವುದು ಇತ್ತು. ಕಬಡ್ಡಿ ಹುಡುಗನ ಬಗ್ಗೆ ಆಡಿದ್ದ ಮಾತೇ ಬೇರೆ ಬಟ್ಟೆ ಹಾಕಿಕೊಂಡು ಬಂದಿತ್ತು. ಎರಡನ್ನೂ ಆಡಿದ್ದು ಒಂದೇ ನಾಲಿಗೆ.

ಮಗಳು ಆ ರಾತ್ರಿ ಕೇಳಿದಳು, ಆ ಸರ್ ಏನಂದರು ಅಂತ. "ಚೆನ್ನಾಗಿ ಓಡಿದೆ ಅಂದರು" ಅಂತಷ್ಟೇ ಹೇಳಿದೆ.

ನಮ್ಮಂಥ ಮನೆಗಳಲ್ಲಿ ಇಂಥ ಹೊತ್ತಿಗೆ ಕೈಗೆ ಸಿಗುವ ಹೆಸರು ಅನಿಲ್ ಕುಂಬ್ಳೆ. ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಲೇ 1990ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು. ವೇಗದ ಬೌಲರ್ ಶ್ರೀನಾಥ್ ಓದಿದ್ದು ಮೈಸೂರಿನ ಎಸ್‌ಜೆಸಿಇಯಲ್ಲಿ. ಎರಡೂ ಆಗುತ್ತದೆ ನೋಡು, ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಹೇಳದೆ ಬಿಡುವುದು ಕ್ರಿಕೆಟಿಗ ಪ್ರಸನ್ನ ಅವರ ಕತೆ. 1962ರ ಜನವರಿಯಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು, ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಲೆಂದು ಆಟದಿಂದ ಸರಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಜಗತ್ತಿನ ಅತ್ಯುತ್ತಮ ಆಫ್ ಸ್ಪಿನ್ನರುಗಳಲ್ಲಿ ಒಬ್ಬರ ಹರೆಯದ ಐದು ವರ್ಷ ಒಂದು ಡಿಗ್ರಿಗೆ ಹೋಯಿತು. ಅವರು ವಾಪಸ್ ಬಂದರು, ಅದು ಅವರ ದೊಡ್ಡತನ. 800 ಮೀಟರ್ ಓಡುವ ಹುಡುಗಿಗೆ ಹಾಗೆ ಐದು ವರ್ಷ ಬಿಟ್ಟು ವಾಪಸ್ ಬರಲು ಆಗುತ್ತದೆಯೇ ಅಂತ ಕೋಚನ್ನು ಕೇಳಿದರೆ ಅವರು ತಲೆ ಅಲ್ಲಾಡಿಸಿದರು.

ಮಲ್ಲೇಶ್ವರದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆ ಹನಿಯುತ್ತಿತ್ತು. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ನಮ್ಮ ಮುಂದೆ ಧಾರವಾಡದ ಕಡೆಯ ಒಬ್ಬ ಅಪ್ಪ, ಮಗಳು. ಹುಡುಗಿ ಲಾಂಗ್ ಜಂಪ್. ಪದಕ ಬಿದ್ದದ್ದು ರಾಜ್ಯಮಟ್ಟದಲ್ಲಿ, ರಾಷ್ಟ್ರೀಯ ಕೂಟಕ್ಕೆ ಹೋಗುವ ವರ್ಷ ಕಣಕಾಲು ಮುರಿದಿತ್ತು. ಅಪ್ಪ ನನ್ನನ್ನು ಕೇಳಿದರು, "ನಿಮ್ಮ ಹುಡುಗೀದು ನ್ಯಾಷನಲ್ ಐತೇನ್ರೀ?" ಐತಿ ಅಂದೆ. "ಹಂಗಾರ ನಿಮಗ ಸಿಗತೈತಿ ಬಿಡ್ರಿ" ಅಂದರು, ಯಾವ ಕಹಿಯೂ ಇಲ್ಲದೆ. ಸಿಕ್ಕಿತು. ಅವಳ ಸಿಇಟಿ ರ‍್ಯಾಂಕಿಗೆ ಸಿಗದಿದ್ದ ಕಾಲೇಜು ಆ ಕಾಗದಕ್ಕೆ ಸಿಕ್ಕಿತು. ಸೀಟು ಒಪ್ಪಿಕೊಳ್ಳುವ ಚಾಯ್ಸ್ 1 ಒತ್ತಿದ್ದು ನಾನೇ, ನನ್ನ ಮೊಬೈಲಿನಲ್ಲಿ. ಆ ಲಾಂಗ್ ಜಂಪ್ ಹುಡುಗಿ ಪಟ್ಟಿಯಲ್ಲಿ ಎಲ್ಲಿದ್ದಳು, ಅವಳಿಗೇನು ಸಿಕ್ಕಿತು ಅಂತ ನಾನು ಹುಡುಕಬಹುದಿತ್ತು. ಪಟ್ಟಿ ಎಲ್ಲರಿಗೂ ಕಾಣುವಂತೆಯೇ ಇರುತ್ತದೆ. ಹುಡುಕಲಿಲ್ಲ.

ಅದೇ ವರ್ಷ, 2024ರಲ್ಲಿ, ಐಐಟಿ ಮದ್ರಾಸ್ ತನ್ನ ಪದವಿ ಕೋರ್ಸುಗಳಿಗೆ ಕ್ರೀಡಾ ಸೀಟುಗಳನ್ನು ತೆರೆಯಿತು. ಪ್ರತಿ ವಿಭಾಗದಲ್ಲಿ ಹೆಚ್ಚುವರಿಯಾಗಿ ಎರಡು, ಅದರಲ್ಲೊಂದು ಹುಡುಗಿಯರಿಗೆ. ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು, ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪದಕ ಇರಬೇಕು. ಬರೀ ಆಡಿ ಬಂದರೆ ಸಾಲದು. ಸುದ್ದಿ ಓದಿ ಪಿಟಿ ಮೇಷ್ಟ್ರು, "ಇದು ಪರವಾಗಿಲ್ಲ" ಅಂದರು. ನಾನು ತಲೆಯಾಡಿಸಿದೆ. ನಮ್ಮ ರಾಜ್ಯದಲ್ಲೂ ಹೀಗೇ ಇದ್ದಿದ್ದರೆ ನನ್ನ ಮಗಳ ಫೈಲು ಮೊದಲ ಮೇಜಿನಿಂದಲೇ ವಾಪಸ್ ಬರುತ್ತಿತ್ತು ಅಂತ ಅವರಿಗೆ ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಮಗಳು ಈಗ ಓಡುವುದಿಲ್ಲ. ಯಾರೂ ಬೇಡ ಅನ್ನಲಿಲ್ಲ. ಲ್ಯಾಬು, ಇಂಟರ್ನಲ್ಸು, ಬಸ್ಸಿನಲ್ಲಿ ಹೋಗಿಬರುವ ಹೊತ್ತು, ಹೀಗೆ ತಾನಾಗಿಯೇ ನಿಂತಿತು. ಆ ಇನ್ನೊಂದು ಆಟವನ್ನಂತೂ ಮಲ್ಲೇಶ್ವರದಿಂದ ಬಂದ ಮೇಲೆ ಒಂದು ದಿನವೂ ಆಡಿಲ್ಲ. ಓಟ ನಿಂತಾಗ ನನಗೆ ಆದದ್ದು ನೆಮ್ಮದಿ. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಅವಳು ಒಳ್ಳೆಯ ಅಂಕ ತೆಗೆದಾಗ, ನೋಡಿ, ಇವಳೇನು ಕೋಟಾದವಳ ಹಾಗೆ ಇಲ್ಲ ಅಂತ ಒಳಗೊಳಗೇ ಬೀಗಿದೆ. ಆಟದ ಬಲದಿಂದ ಸೀಟು ತೆಗೆದುಕೊಂಡ ಮಗಳು ಆಟಗಾರ್ತಿಯಂತೆ ಕಾಣದಿರುವುದೇ ನನಗೆ ಹೆಮ್ಮೆಯ ವಿಷಯವಾಗಿತ್ತು. ಒಂದು ದಿನ ಊಟ ಮಾಡುತ್ತಾ ಅವಳೇ, "ಅಮ್ಮ, ಕ್ಲಾಸಲ್ಲಿ ಯಾರಿಗೂ ಸ್ಪೋರ್ಟ್ಸ್ ಕೋಟಾ ಅಂತ ಹೇಳಿಲ್ಲ ನಾನು. ಯಾವ ಗೇಮ್ ಅಂತ ಕೇಳ್ತಾರೆ" ಅಂದಳು. ಹುಳಿ ಬಡಿಸುತ್ತಿದ್ದೆ, ಬಡಿಸುತ್ತಲೇ ಇದ್ದೆ.

ಕ್ರೀಡಾ ಇಲಾಖೆಯವರಲ್ಲಿ, ಪರೀಕ್ಷಾ ಪ್ರಾಧಿಕಾರದವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಕ್ರೀಡಾ ಕೋಟಾದ ಅರ್ಜಿ ಹಾಕಿದ ಮಕ್ಕಳನ್ನು ಒಂದು ಬೆಳಿಗ್ಗೆ ಮೈದಾನಕ್ಕೆ ಕರೆಯಿರಿ. ಕಾನ್‌ಸ್ಟೆಬಲ್ ಆಗುವವನಿಗೆ ಹಿಡಿಯುವ ಸ್ಟಾಪ್‌ವಾಚನ್ನು ಅವರಿಗೂ ಹಿಡಿಯಿರಿ, ಬೀಜ ಗುರುತಿಸು ಅಂದ ಹಾಗೆ ಚೆಂಡು ಕೊಟ್ಟು ಆಡು ಅನ್ನಿ. ಗಾಯವಾದ ಮಗುವಿಗೆ ಹಳೆಯ ಪದಕದ ಲೆಕ್ಕ ಇಟ್ಟುಕೊಳ್ಳಿ. ಸೀಟು ಕೊಟ್ಟ ಮೇಲೆ ವರ್ಷಕ್ಕೊಮ್ಮೆ ಆ ಕಾಲೇಜಿಗೆ ಒಂದು ಪತ್ರ ಬರೆದು, ಈ ವಿದ್ಯಾರ್ಥಿ ಆಡುತ್ತಿದ್ದಾಳಾ, ಆಡಲು ನೀವು ಬಿಟ್ಟಿದ್ದೀರಾ ಅಂತ ಕೇಳಿ. ನಮ್ಮನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳುತ್ತಾರೆ ಅಂತ ಗೊತ್ತಿದ್ದಿದ್ದರೆ ನಾನು ಆ ಅರ್ಜಿ ಹಾಕಿಸುತ್ತಿರಲಿಲ್ಲ.